ಜಪಾನಿಗೆ ಹೋದ ಕುಂಕುಮದ ಚೀಟಿ

ಬೆಳಗಾವಿ, ಹೊರಡುವ ಮೊದಲು

ಜಪಾನಿಗೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ರೈಲಿನ ವೇಗದ ಬಗ್ಗೆ ಬರೆಯುತ್ತಾರೆ. ನಾನು ಅಂಗೈ ಅಗಲದ ಒಂದು ಚೀಟಿಯ ಬಗ್ಗೆ ಬರೆಯಬೇಕಾಗಿದೆ. ಆ ಚೀಟಿ ನನಗಿಂತ ಮೊದಲೇ ಲೋಕಸಂಚಾರ ಮುಗಿಸಿತ್ತು ಎಂಬುದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಬೆಳಗಾವಿಯಲ್ಲಿ ನಾನೊಂದು ವಿಪತ್ತು ನಿಯಂತ್ರಣ ಕೊಠಡಿಯ ಮುಖ್ಯಸ್ಥ. ಹೆಸರು ಕೇಳಿದರೆ ಎದೆ ಉಬ್ಬುತ್ತದೆ. ಒಳಗೆ ಬಂದರೆ ನಾಲ್ಕು ಕಂಪ್ಯೂಟರು, ಗೋಡೆಗೊಂದು ನಕಾಶೆ, ಚಹಾದ ಕಲೆ ಬಿದ್ದ ಒಂದು ಮೇಜು. ಖಾನಾಪುರದ ಕಡೆ ಹೊಳೆ ಏರಿದರೆ ದಂಡೆಯ ಊರುಗಳ ಎಲ್ಲ ಫೋನುಗಳಿಗೂ ಇಲ್ಲಿಂದ ಒಂದೇ ಏಟಿಗೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಕಳಿಸಲು ಒಂದು ಪಾಸ್‌ವರ್ಡ್ ಬೇಕು, ಅಷ್ಟೇ.

ಈ ಸಲದ ಮಳೆಗಾಲದ ಒಂದು ಮಧ್ಯಾಹ್ನ ಮೂರು ಊರುಗಳಿಗೆ ಸಂದೇಶ ಹೋಯಿತು: ಹೊಳೆ ಉಕ್ಕಿದೆ, ಕೂಡಲೇ ಎತ್ತರದ ಜಾಗಕ್ಕೆ ಹೋಗಿರಿ. ಹೊಳೆ ಉಕ್ಕಿರಲಿಲ್ಲ. ಜನ ಮಾತ್ರ ಉಕ್ಕಿದರು. ಕೈಗೂಸುಗಳನ್ನೂ ಎಮ್ಮೆಗಳನ್ನೂ ಎಳೆದುಕೊಂಡು ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಿದರು. ಪರಸು ಅಜ್ಜ ಎಂಬ ಮುದುಕ ಬದುವಿನ ಮೇಲೆ ಜಾರಿ ತೊಡೆಯ ಎಲುಬು ಮುರಿದುಕೊಂಡು ನೆಹರು ನಗರದ ಆಸ್ಪತ್ರೆ ಸೇರಿದ.

ಆ ಹೊತ್ತಿನಲ್ಲಿ ಕುರ್ಚಿಯ ಮೇಲಿದ್ದವಳು ಸಾವಿತ್ರಿ. ಖಾನಾಪುರದಾಚೆಯ ದನಗಾಹಿ ಮನೆತನದವಳು, ಆ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವಳು. ಸಂದೇಶ ಹೋದ ಮೂರು ಊರುಗಳಲ್ಲಿ ಒಂದು ಅವಳದೇ.

"ನಾ ಕಳಸಿಲ್ರೀ ಸಾಹೇಬ್ರ," ಎಂದಳು. "ನಮ್ಮ ಊರಿಗೆ ನಾನ ಸುಳ್ಳು ಹೇಳ್ತೀನೇನ್ರಿ? ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತೈತ್ರಿ."

ನಾನು ಇದನ್ನು 'ಸಬೂಬು' ಎಂದು ದಾಖಲಿಸಿದೆ. ಒಂದೇ ದಿನದಲ್ಲಿ, ದುಂಡಗಿನ ಅಕ್ಷರದಲ್ಲಿ, ನಾಲ್ಕು ಪುಟದ ವರದಿ. ಸಾರಾಂಶ: ನಿರ್ವಾಹಕಿಯ ನಿರ್ಲಕ್ಷ್ಯ. ಸಾವಿತ್ರಿಯನ್ನು ಮನೆಗೆ ಕಳಿಸಲಾಯಿತು; ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಿತ್ತು, ಮತ್ತು ವಿಚಾರಣೆಯ ಮುಂದಿದ್ದ ಏಕೈಕ ಸಾಕ್ಷ್ಯ ನನ್ನ ದುಂಡಗಿನ ಅಕ್ಷರ. ಇಷ್ಟು ಚುರುಕಾಗಿ ತಪ್ಪಿತಸ್ಥರನ್ನು ಹಿಡಿದ ಅಧಿಕಾರಿ ಎಂದು ಮೇಲಿನವರಿಗೆ ನನ್ನ ಮೇಲೆ ಅಭಿಮಾನ ಹುಟ್ಟಿತು. ವಿಪತ್ತು ಕೊಠಡಿಗಳ ಮಾಹಿತಿ ಭದ್ರತೆಯ ಬಗ್ಗೆ ಜಪಾನಿನಲ್ಲಿ ನಾಲ್ಕು ದಿನದ ತರಬೇತಿ ಇತ್ತು. ನನ್ನನ್ನು ಕಳಿಸಿದರು. ಮರಳಿದ ಮೇಲಿನ ಸೋಮವಾರವೇ ವಿಚಾರಣೆ.

ಅಂದರೆ ಸಾವಿತ್ರಿಯ ಬೆನ್ನ ಮೇಲೆ ಕಾಲಿಟ್ಟು ನಾನು ವಿಮಾನ ಹತ್ತಿದೆ. ಆಗ ಹಾಗೆ ಅನ್ನಿಸಲಿಲ್ಲ. ಆಗ ನನ್ನನ್ನು ಕಾಡಿದ ಪ್ರಶ್ನೆ, ನಮ್ಮೂರಿನ ಸಿಹಿ ಕುಂದಾ ಎಷ್ಟು ಡಬ್ಬಿ ಒಯ್ಯಬೇಕು ಎಂಬುದು.

ಹಿಂದವಾಡಿಯ ಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಒಂದೇ ಮಾತು ಹೇಳಿದಳು: "ಅಲ್ಲಿ ಮಂದಿ ಮುಂದ ಭಾಳ ಮಾತಾಡಬ್ಯಾಡ್ರಿ. ನೀವು ಬಾಯಿ ಬಿಟ್ರ ಏನರ ಹೊರಬೀಳ್ತೈತಿ."

ಹೊಳೆಯ ಊರು, ಮೊದಲ ದಿನ

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಊರಿನಲ್ಲಿ. ನಡುವೆ ಹೊಳೆ, ಎರಡೂ ಕಡೆ ಗುಡ್ಡ. ಖಾನಾಪುರವನ್ನು ಯಾರೋ ಒಗೆದು ಇಸ್ತ್ರಿ ಮಾಡಿ ಇಟ್ಟಂತೆ.

ನನಗೆ ಕೊಟ್ಟ ದುಭಾಷಿ ಇಶಿದಾ ಎಂಬಾತ. ವಯಸ್ಸು ಐವತ್ತರ ಆಸುಪಾಸು, ಪುಣೆಯಲ್ಲಿ ಓದಿದವನು. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ, ನನ್ನ ಇಂಗ್ಲಿಷು ಅವನಿಗೆ ತಿಳಿಯಲಿಲ್ಲ. ಹೀಗಾಗಿ ನಾವಿಬ್ಬರೂ ನಾಲ್ಕು ದಿನ ಮರಾಠಿಯಲ್ಲಿ ವ್ಯವಹರಿಸಿದೆವು. ಬೆಳಗಾವಿಯವನೊಬ್ಬ ಜಪಾನಿಗೆ ಹೋಗಿ ಮರಾಠಿ ಮಾತಾಡಿ ಬಂದ ಎಂಬ ಸುದ್ದಿ ಹಬ್ಬಿದರೆ ಊರಿನ ಕೆಲವರು ನನಗೆ ಶಾಲು ಹೊದಿಸುತ್ತಾರೆ, ಉಳಿದವರು ಮನೆಯ ಮುಂದೆ ಧರಣಿ ಕೂರುತ್ತಾರೆ. ಆದ್ದರಿಂದ ಈ ಸಂಗತಿ ನಮ್ಮ ನಮ್ಮಲ್ಲೇ ಇರಲಿ.

ಸಂಜೆ ಐದಕ್ಕೆ ವಸತಿಗೃಹದಲ್ಲಿ ಕಾಲು ಚಾಚಿದ್ದೆ. ಹೊರಗೆ ಕಂಬದ ಮೇಲಿನ ಧ್ವನಿವರ್ಧಕದಿಂದ ನಿಧಾನವಾದ ಒಂದು ರಾಗ ಹೊರಟಿತು. ಇಡೀ ಕಣಿವೆ ಅದನ್ನು ಮರುನುಡಿಯಿತು. ರಾಗ ಮುಗಿದ ಮೇಲೆ ಒಬ್ಬ ಹೆಂಗಸು ಗಂಭೀರವಾಗಿ ಏನೋ ಹೇಳಿದಳು. ನಾನು ಈ ವಿದ್ಯೆಯಲ್ಲಿ ಪಳಗಿದವನು, ತಡಮಾಡಲಿಲ್ಲ. ಪಾಸ್‌ಪೋರ್ಟ್ ಜೇಬಿಗೆ, ಕುಂದಾ ಡಬ್ಬಿ ಕಂಕುಳಿಗೆ, ಕಾಲಿಗೆ ಸಿಕ್ಕ ಚಪ್ಪಲಿ. ಗುಡ್ಡದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ದಾರಿಯಲ್ಲಿ ನಾಯಿಯೊಂದಿಗೆ ಬರುತ್ತಿದ್ದ ಮುದುಕನೊಬ್ಬ ನಿಂತು ಬಾಗಿ ನಮಸ್ಕರಿಸಿದ. ನಾನೂ ಓಡುತ್ತಲೇ ಬಾಗಿದೆ. ಊರಿನಲ್ಲಿ ಬೇರೆ ಯಾರೂ ಓಡುತ್ತಿರಲಿಲ್ಲ ಎಂಬುದು ಮೇಲೆ ತಲುಪಿದ ನಂತರ ಗಮನಕ್ಕೆ ಬಂತು.

ಇಶಿದಾನ ಫೋನು ಬಂತು. ಎಲ್ಲಿದ್ದೀರಿ ಎಂದ.

"ಎತ್ತರದ ಜಾಗದಲ್ಲಿ," ಎಂದೆ.

ಆತ ಬಂದು ವಿವರಿಸಿದ. ಪ್ರತಿದಿನ ಐದಕ್ಕೆ ಈ ರಾಗ ಬರುತ್ತದೆ. ನಿಜವಾದ ಪ್ರವಾಹದ ದಿನ ಯಂತ್ರ ಕೈಕೊಡಬಾರದಲ್ಲ, ಅದಕ್ಕೆ ದಿನಾ ಪರೀಕ್ಷೆ. ಆ ಹೆಂಗಸು ಹೇಳಿದ್ದು, ಮಕ್ಕಳೇ ಹೊತ್ತಾಯಿತು, ಮನೆಗೆ ಹೋಗಿ ಎಂದು. ಒಂದು ಸಂಜೆ ರಾಗ ಬರದಿದ್ದರೆ ಜನರೇ ಕಚೇರಿಗೆ ಫೋನು ಮಾಡಿ ಕೇಳುತ್ತಾರಂತೆ. ನಮ್ಮಲ್ಲಿ ಸೈರನ್ ಕೂಗಿದರೆ ಫೋನು ಬರುತ್ತದೆ, ಅಲ್ಲಿ ಕೂಗದಿದ್ದರೆ.

ಇಶಿದಾ ನನ್ನ ಪಾದಗಳನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ. ನಾನು ಹಾಕಿಕೊಂಡು ಬಂದದ್ದು ಪಾಯಖಾನೆಯ ಚಪ್ಪಲಿ. ಅವು ಅಲ್ಲಿಂದ ಹೊರಗೆ ಬರಬಾರದಂತೆ. ಸುಳ್ಳು ಎಚ್ಚರಿಕೆಗೆ ಓಡುವುದು ಹೇಗಿರುತ್ತದೆ ಎಂದು ಆ ಗುಡ್ಡದ ಮೇಲೆ ನನಗೆ ತಿಳಿಯಬೇಕಿತ್ತು. ಪರಸು ಅಜ್ಜನ ನೆನಪಾಗಬೇಕಿತ್ತು. ನಾನು ಇಳಿಯುವಷ್ಟು ಹೊತ್ತೂ ಚಪ್ಪಲಿಯ ಬಗ್ಗೆಯೇ ಯೋಚಿಸಿದೆ.

ಎರಡನೆಯ ದಿನ, ದಾರಕ್ಕೆ ಕಟ್ಟಿದ ವಹಿ

ಆ ಊರಿನ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಮೋರಿ ಎಂಬ ಹೆಂಗಸು. ಕುಳ್ಳಗೆ, ಬಿಳಿ ಅಂಗಿ, ನಮ್ಮ ಸಾಲೆಗಳಲ್ಲಿ ಗಣಿತ ಕಲಿಸುವ ಅಕ್ಕೋರ ಮುಖ. ಅವರ ಕೊಠಡಿಯಲ್ಲೂ ನಾಲ್ಕೇ ಕಂಪ್ಯೂಟರು. ನನಗೆ ಸಮಾಧಾನವಾಯಿತು.

ಗೋಡೆಯ ಮೊಳೆಗೆ ದಾರ ಕಟ್ಟಿ ಒಂದು ವಹಿ, ಅಂದರೆ ದಪ್ಪ ನೋಟುಬುಕ್ಕು, ತೂಗುಹಾಕಿದ್ದರು. ಅದರಲ್ಲಿ ಪ್ರತಿಯೊಬ್ಬರೂ ತಾವು ಮಾಡಿದ ಮತ್ತು ಮಾಡುವುದರಲ್ಲಿದ್ದ ತಪ್ಪುಗಳನ್ನು ತಾವೇ ಬರೆಯಬೇಕು. ಬೇರೆಯವರ ತಪ್ಪು ಬರೆಯುವಂತಿಲ್ಲ. ನಮ್ಮ ಕಚೇರಿಯಲ್ಲಿ ಇಂಥ ವಹಿ ಇಟ್ಟು, ಬೇರೆಯವರದ್ದು ಮಾತ್ರ ಬರೆಯಿರಿ ಎಂದರೆ ವಾರಕ್ಕೊಂದು ವಹಿ ತುಂಬುತ್ತದೆ.

ಮೊದಲ ಪುಟ ಮೋರಿಯವರದ್ದೇ. ವರ್ಷಗಳ ಹಿಂದೆ ಅವರು ತಾಲೀಮಿನ ಸಂದೇಶವನ್ನು ನಿಜವಾದದ್ದೆಂದು ಕಳಿಸಿಬಿಟ್ಟಿದ್ದರು. ಜನ ಅಜ್ಜ ಅಜ್ಜಿಯರನ್ನು ಹೊತ್ತುಕೊಂಡು ಸಾಲೆಯ ಮೇಲಂತಸ್ತಿಗೆ ಓಡಿದ್ದರು. ಅದನ್ನು ಅವರು ಬಂದವರಿಗೆಲ್ಲ ಹೇಳುತ್ತಾರಂತೆ, ಊರಿನ ಜನಸಂಖ್ಯೆ ಹೇಳುವ ಧ್ವನಿಯಲ್ಲಿ.

"ಆಮೇಲೆ ಯಾರನ್ನು ಅಮಾನತು ಮಾಡಿದಿರಿ?" ಎಂದು ನಾನು ಕೇಳಿದೆ.

ಇಶಿದಾ ಅನುವಾದಿಸುವ ಮೊದಲು ನನ್ನನ್ನು ಒಮ್ಮೆ ನೋಡಿದ. ಮೋರಿ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ಉತ್ತರ ಕೊಟ್ಟರು: "ಎರಡು ಬಟನ್ನುಗಳೂ ಒಂದೇ ಬಣ್ಣದವಿದ್ದವು. ಒಂದರ ಬಣ್ಣ ಬದಲಿಸಿದೆವು."

ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಶಿಸ್ತು ಸಾಲದು.

ಮೂರನೆಯ ದಿನ, ಪರದೆ

ಈ ದಿನ ನನ್ನ ಭಾಷಣ. ಎದುರಿಗೆ ಬೇರೆ ಬೇರೆ ದೇಶಗಳ ಇಪ್ಪತ್ತು ಮಂದಿ, ಮುಂದಿನ ಸಾಲಿನಲ್ಲಿ ಮೋರಿ. ವಿಷಯ, ಸುಳ್ಳು ಎಚ್ಚರಿಕೆಯ ಸಂದರ್ಭದಲ್ಲಿ ತ್ವರಿತ ಶಿಸ್ತುಕ್ರಮ. ನಮ್ಮ ಮೂರು ಊರುಗಳ ಪ್ರಕರಣದ ಸಾರಾಂಶವನ್ನು ಎಲ್ಲರಿಗೂ ಮೊದಲೇ ಹಂಚಿಯಾಗಿತ್ತು. ಆದರೆ ನೀರಸವಾಗಬಾರದಲ್ಲ, ನಮ್ಮ ಸಂಸ್ಕೃತಿಯಿಂದ ಆರಂಭಿಸೋಣ ಎಂದು ಖಂಡೇ ಪೂಜೆಯ ಫೋಟೋವನ್ನು ಮೊದಲು ಹಾಕಿಸಿದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಡೆ ಖಂಡೇ ಪೂಜೆಯ ದಿನ ಕೆಲಸದ ಸಾಮಾನಿಗೆಲ್ಲ ಪೂಜೆ. ಶಹಾಪುರದಲ್ಲಿ ನೇಕಾರರು ಮಗ್ಗಕ್ಕೆ ಮಾಡುತ್ತಾರೆ, ರೈತರು ಕುಡಗೋಲಿಗೆ, ಕಚೇರಿಗಳಲ್ಲಿ ತಿಜೋರಿಯ ಕೀಲಿಗೊಂಚಲಿಗೆ. ಹಿಂದಿನ ಕಚೇರಿಯಲ್ಲಿ ಆ ಗೊಂಚಲಿಗೆ ಪ್ರತಿ ವರ್ಷ ಕುಂಕುಮ ಹಚ್ಚಿದ ಕೈ ನನ್ನದು. ಈ ಕೊಠಡಿಗೆ ಬಂದು ನೋಡಿದರೆ ಕೀಲಿಯೇ ಇಲ್ಲ. ನನ್ನ ಸಹಾಯಕ ಈರಪ್ಪನನ್ನು ಕೇಳಿದರೆ, "ಈಗ ಪಾಸ್‌ವರ್ಡ ಕೀಲಿ ನೋಡ್ರಿ ಸಾಹೇಬ್ರ," ಎಂದ. ಹಾಗಾದರೆ ಪೂಜೆಯೂ ಅದಕ್ಕೇ ಸಲ್ಲಬೇಕು ಎಂಬುದು ನನ್ನ ತೀರ್ಪು. ಕಳೆದ ವರ್ಷ ಹೊಸ ಚೀಟಿಯೊಂದರ ಮೇಲೆ ಕನ್ನಡದಲ್ಲಿ 'ಶ್ರೀ' ಬರೆದು, ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಪಾಸ್‌ವರ್ಡ್ ಬರೆದೆ. ಕುಂಕುಮ ಕಲಸಿದ ನೀರಿನಲ್ಲಿ, ದರ್ಭೆಯ ಕಡ್ಡಿಯಿಂದ. ದೇವಿಯ ಹೆಸರು, ಮುಂದೆ ಒಂದು ಎರಡು ಮೂರು. ಚೆಂಡುಹೂವಿನ ಹಾರ ತೊಟ್ಟ ಕಂಪ್ಯೂಟರಿನ ಎದುರು ಅದನ್ನು ಆನಿಸಿಟ್ಟು, ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಂಡೆವು. ಆ ಫೋಟೋವನ್ನು ನಾನು ಇಲಾಖೆಯ ಗುಂಪಿಗೆ, ಬೀಗರ ಗುಂಪಿಗೆ, ಮುಂಜಾನೆ ವಾಕಿಂಗಿನ ಗುಂಪಿಗೆ, ದಂಡೆಯ ಊರುಗಳ ಮುಖಂಡರ ಗುಂಪಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಶುಭಾಶಯದೊಂದಿಗೆ.

ಪರದೆಯ ಮೇಲೆ ಫೋಟೋ ಬೆಳಗಿತು. ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು. ಮೋರಿ ಚೀಟಿಯನ್ನು ತೋರಿಸಿ ಕೇಳಿದರು, ಅದು ಮಂತ್ರವೇ ಎಂದು.

"ಅಲ್ಲ," ಎಂದೆ, ನನಗೆ ಸಾಧ್ಯವಿದ್ದ ಅತ್ಯಂತ ಗಂಭೀರ ಮರಾಠಿಯಲ್ಲಿ. "ಅದು ನಮ್ಮ ಕೊಠಡಿಯ ಕೀಲಿ. ನಾವು ಕೀಲಿಯನ್ನು ಪೂಜಿಸುವ ಜನ."

ಇಶಿದಾ ಅನುವಾದಿಸಿದ. ಗುಜುಗುಜು ನಿಂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೋರಿ ಎದ್ದರು. ಅವಸರವಿಲ್ಲದೆ ಬಂದು ಪರದೆಗೂ ಯಂತ್ರದ ಬೆಳಕಿಗೂ ನಡುವೆ ನಿಂತರು. ಸಭೆ ಓದಬಾರದೆಂದು ಅವರು ಹಾಗೆ ನಿಂತದ್ದು. ಆದರೆ ಬೆಳಕು ಎಲ್ಲಿಗೆ ಹೋಗಬೇಕು? ನನ್ನ ಕುಂಕುಮದ ಅಕ್ಷರಗಳೆಲ್ಲ ಅವರ ಮುಖದ ಮೇಲೆ, ಬಿಳಿ ಅಂಗಿಯ ಮೇಲೆ ಬಿದ್ದವು. 'ಶ್ರೀ' ಹಣೆಯ ಮೇಲೆ, ದೇವಿಯ ಹೆಸರು ಎದೆಗೆ ಅಡ್ಡವಾಗಿ, ಒಂದು ಎರಡು ಮೂರು ತೋಳಿನ ಮೇಲೆ. ಅವರು ಅಲ್ಲಾಡಲಿಲ್ಲ. ಯಾರೋ ಯಂತ್ರ ಆರಿಸುವ ತನಕ ನನ್ನ ಪಾಸ್‌ವರ್ಡನ್ನು ತೊಟ್ಟುಕೊಂಡೇ ನಿಂತಿದ್ದರು.

ಆಮೇಲೆ ಅವರು ಕೇಳಿದ್ದು ಎರಡೇ ಪ್ರಶ್ನೆ. ಈ ಫೋಟೋ ಎಷ್ಟು ಜನರ ಹತ್ತಿರ ಇದೆ? ಸುಳ್ಳು ಸಂದೇಶ ಹೋದದ್ದು ಯಾವ ಯಂತ್ರದಿಂದ ಎಂದು ದಾಖಲೆಯಲ್ಲಿ ನೋಡಿದಿರಾ?

ನೋಡಿರಲಿಲ್ಲ. ಅಂಥ ದಾಖಲೆ ಇದೆಯೆಂದು ನನಗೆ ಗೊತ್ತಿತ್ತು. ನಾನು ನೋಡಿದ್ದು ಕುರ್ಚಿಯ ಮೇಲೆ ಯಾರು ಕೂತಿದ್ದರು ಎಂಬುದನ್ನು ಮಾತ್ರ.

ಅಲ್ಲೇ ನಿಂತಿದ್ದಾಗ ಇನ್ನೊಂದು ನೆನಪಾಯಿತು. ಪೂಜೆಯ ದಿನ ಫೋಟೋ ತೆಗೆಯುವ ಮುಂಚೆ ಸಾವಿತ್ರಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದಳು: "ಸಾಹೇಬ್ರ, ಚೀಟಿ ಅಷ್ಟು ತಿರುವಿ ಇಡೂಣೇನ್ರಿ? ಫೋಟೋದಾಗ ಬರ್ತೈತಿ."

ನಾನು ಎಲ್ಲರಿಗೂ ಕೇಳುವಂತೆ ಉತ್ತರಿಸಿದ್ದೆ: "ದೇವರ ಹೆಸರಿಗೆ ಬೆನ್ನು ತಿರುಗಸ್ತಾರೇನವಾ? ಕೆಲಸ ಕಲತಿ, ಸಂಸ್ಕಾರ ಕಲೀಲಿಲ್ಲ."

ಎಲ್ಲರೂ ನಕ್ಕಿದ್ದರು. ಫೋಟೋದಲ್ಲಿ ಎಲ್ಲರ ಹಲ್ಲೂ ಕಾಣುತ್ತವೆ. ಸಾವಿತ್ರಿಯ ಬಾಯಿ ಮಾತ್ರ ಮುಚ್ಚಿದೆ.

ಅದೇ ಸಂಜೆ, ಐದು ಗಂಟೆ

ಈರಪ್ಪನಿಗೆ ಫೋನು ಹಚ್ಚಿದೆ. ಬೆಳಗಾವಿಯಲ್ಲಿ ಊಟದ ಹೊತ್ತು. ಆತ ರೊಟ್ಟಿ ಅಗಿಯುತ್ತಲೇ ಎತ್ತಿದ.

"ಈರಪ್ಪಾ, ಪಾಸ್‌ವರ್ಡ್ ಈಗಿಂದೀಗ ಬದಲ ಮಾಡು."

"ಈಗs? ಪೂಜಾ ಮಾಡಿದ್ದು ಹೆಂಗ್ ಬದಲ ಮಾಡೂದ್ರೀ? ಮುಂದಿನ ಖಂಡೇ ಪೂಜಾ ತನಕ ಮುಟ್ಟಬಾರದು ಅಂತ ನೀವ ಹೇಳೀರಲ್ಲ."

"ನಾನ ಹೇಳಿದ್ನಿ. ಈಗ ನಾನ ಹೇಳಾಕತ್ತೀನಿ, ಬದಲ ಮಾಡು."

"ಹೊಸದು ಏನ್ ಇಡಲಿ? ಒಂದು ಎರಡು ಮೂರು ನಾಕು?"

"ನನಗ ಹೇಳಬ್ಯಾಡ," ಎಂದೆ. ಆ ಕೊಠಡಿಯ ಮುಖ್ಯಸ್ಥನಾಗಿ ನಾನು ಕೊಟ್ಟ ಮೊದಲ ಸರಿಯಾದ ಆಜ್ಞೆ ಇದು ಎಂದು ಈಗ ಅನ್ನಿಸುತ್ತದೆ. "ಆಮ್ಯಾಲೆ ಆ ದಿನದ ದಾಖಲೆ ತಗದು ನೋಡು. ಮೆಸೇಜ್ ಯಾವ ಮಷೀನಿನಿಂದ ಹೋತು?"

ಕೀಲಿಮಣೆಯ ಸದ್ದು ಕೇಳಿಸಿತು. ಅಷ್ಟರಲ್ಲಿ ಕಿಟಕಿಯ ಹೊರಗೆ ಐದರ ರಾಗ ಶುರುವಾಯಿತು. "ಏನ್ರಿ ಅದು, ಭಜನೀಗೆ ಹೋಗೀರೇನು?" ಎಂದು ಈರಪ್ಪ ಕೇಳಿದ. ಆಮೇಲೆ ಆತನ ಅಗಿಯುವ ಸದ್ದು ನಿಂತಿತು.

"ಸಾಹೇಬ್ರ, ಇದು ನಮ್ಮ ಮಷೀನ ಅಲ್ರೀ. ಹೊರಗಿನ ಯಾವುದೋ ಮೊಬೈಲು. ನಮ್ಮ ಪಾಸ್‌ವರ್ಡ್ ಹಾಕಿ ಒಳಗ ಬಂದಾರ. ಆವಾಗ ಸಾವಿತ್ರಿ ಮಷೀನಿನಾಗ ಬರೇ ಮಳೀ ಲೆಕ್ಕದ ಪುಟ ತೆರದೈತಿ."

ಈರಪ್ಪನೇ ಮುಂದುವರಿಸಿದ: "ಪಾಪ, ಅಕಿ ಊರಾಗ ಈಗ ನಮ್ಮ ಮೆಸೇಜ್ ಬಂದ್ರ ಮಂದಿ ಏನ್ ಕೇಳ್ತಾರ ಗೊತ್ತೇನ್ರಿ? 'ಇದು ಹೊಳೀದೋ, ಸಾವಿತ್ರೀದೋ?' ಅಂತಾರ. ಯಾರೂ ಏಳೂದಿಲ್ಲ."

ಹೊರಗೆ ಆ ಹೆಂಗಸು ಮಕ್ಕಳನ್ನು ಮನೆಗೆ ಕಳಿಸುತ್ತಿದ್ದಳು.

ನಾಲ್ಕನೆಯ ದಿನ ಹೊರಡುವ ಮುಂಚೆ ಮೋರಿಯವರ ಕೊಠಡಿಗೆ ಹೋಗಿ ಕುಂದಾ ಡಬ್ಬಿ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಮೊಳೆಯ ಮೇಲಿನ ವಹಿಯತ್ತ ಕೈ ಮಾಡಿ, ಒಂದು ಪುಟ ಬರೆಯಬಹುದೇ ಎಂದು ಇಶಿದಾನಿಂದ ಕೇಳಿಸಿದೆ. ಮೋರಿ ತಲೆ ಅಲ್ಲಾಡಿಸಿದರು. ಈ ವಹಿ ಈ ಊರಿನದ್ದು, ನಿಮ್ಮದನ್ನು ನಿಮ್ಮ ಊರಿನಲ್ಲಿ ಬರೆಯಿರಿ ಎಂದರಂತೆ. ಬಹಳ ವಿನಯದಿಂದ ಹೇಳಿದರು. ವಿನಯ ಇಷ್ಟು ಚುಚ್ಚಬಲ್ಲದು ಎಂದು ನನಗೆ ತಿಳಿದಿರಲಿಲ್ಲ.

ಖಾನಾಪುರ, ಭಾನುವಾರ

ಸೋಮವಾರ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹಳೆಯ ವರದಿ ರದ್ದಾಯಿತು, ಸಾವಿತ್ರಿ ತನ್ನ ಕುರ್ಚಿಗೆ ಮರಳಿದಳು, ನನ್ನ ಮೇಲೆ ವಿಚಾರಣೆ ಶುರುವಾಯಿತು. ಮೂರೂ ಸರಿಯಾಗಿಯೇ ಆದವು. ಕಳಿಸಿದ ಮೊಬೈಲು ಯಾರದೆಂದು ಪೊಲೀಸರು ಇನ್ನೂ ಹುಡುಕುತ್ತಿದ್ದಾರೆ. ಆದರೆ ನನ್ನ ಪ್ರವಾಸ ಮುಗಿದದ್ದು ಅದರ ಹಿಂದಿನ ದಿನ.

ಹೊಸ ವರದಿ ಹಿಡಿದುಕೊಂಡು ಖಾನಾಪುರ ದಾಟಿ ಸಾವಿತ್ರಿಯ ಊರಿಗೆ ಹೋದೆ. ಈ ಸಲ ಒಂದೇ ಪುಟ. ಮೊದಲ ಸಾಲು: ತಪ್ಪು ನನ್ನದು. ಅವಳು ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡು, "ಬರ್ರಿ, ಕುಂದರ್ರಿ," ಎಂದರು. ಆದರೆ ಕುಂದರಲು ಏನನ್ನೂ ಹಾಕಲಿಲ್ಲ.

ಸಾವಿತ್ರಿ ಕೈ ಒರೆಸಿಕೊಂಡು ವರದಿಯನ್ನು ನಿಂತೇ ಓದಿದಳು. ಎರಡು ಸಲ ಓದಿ ಮಡಚಿ ಕೊಟ್ಟಳು.

"ಚಲೋ ಬರದೀರಿ," ಎಂದಳು. "ಇದನ್ನ ನಾಳೆ ಎಷ್ಟು ಮಂದಿ ಓದ್ತಾರ್ರಿ?"

"ನಾಕು ಮಂದಿ ಅಧಿಕಾರಿಗೋಳು."

"ಆ ಮೆಸೇಜ್ ಎಷ್ಟು ಊರಿಗೆ ಹೋಗಿತ್ರಿ?"

"ಮೂರು."

"ಮತ್ತs?" ಎಂದಳು. ಮೂರೂ ಊರು ಸುತ್ತಿ ಬರಲು ತಾಯಿ ಆಗಲೇ ಟಂಟಂ ರಿಕ್ಷಾ ಕರೆಯಲು ಹೊರಟಿದ್ದರು.

ಆ ಕಡೆಯ ಪ್ರತಿ ಊರಿನ ಗುಡಿಯ ಕಟ್ಟೆಯ ಮೇಲೂ ಒಂದು ಮೈಕು ಇರುತ್ತದೆ. ರೇಶನ್ ಬಂತು, ಲಸಿಕೆ ಹಾಕುವವರು ಬಂದರು, ಯಾರದೋ ಆಕಳು ತಪ್ಪಿಸಿಕೊಂಡಿದೆ, ಎಲ್ಲ ಅದರಲ್ಲೇ. ಮೊದಲ ಊರಿನಲ್ಲಿ ನಾನು ಮೈಕು ಹಿಡಿದು, ಈ ಕೊಠಡಿಯ ಮುಖ್ಯಸ್ಥನಾದ ನಾನು ಎಂದು ಆರಂಭಿಸಿ, ಕೀಲಿಯನ್ನು ಊರಿಗೆಲ್ಲ ಹಂಚಿದವನು ನಾನು, ಸಾವಿತ್ರಿ ಸಂದೇಶ ಕಳಿಸಲಿಲ್ಲ, ಅವಳು ಬೇಡವೆಂದಾಗ ಅವಳನ್ನು ನಗೆಗೀಡು ಮಾಡಿದವನೂ ನಾನೇ ಎಂದು ಹೇಳಿ ಮುಗಿಸಿದೆ. ಉಸಿರು ಬಿಟ್ಟೆ.

"ಈಗ ಮರಾಠಿಯೊಳಗ," ಎಂದಳು ಸಾವಿತ್ರಿ.

ತನ್ನ ತಪ್ಪನ್ನು ಎರಡೆರಡು ಭಾಷೆಯಲ್ಲಿ ಒಪ್ಪಿಕೊಳ್ಳುವ ಸೌಭಾಗ್ಯ ಗಡಿಯ ಕಡೆಯವರಿಗೆ ಮಾತ್ರ. ಮೂರು ಊರು, ಎರಡು ಭಾಷೆ, ಆರು ಸಲ. ಮೊದಲನೆಯ ಸಲ ನನಗೆ ನನ್ನ ಮೇಲೆ ಕನಿಕರವಿತ್ತು. ಮೂರನೆಯದರ ಹೊತ್ತಿಗೆ ಅದು ಹೋಯಿತು. ಆರನೆಯದರಲ್ಲಿ, ಸಾವಿತ್ರಿಯದೇ ಊರಿನಲ್ಲಿ, ನನ್ನ ಧ್ವನಿ ಎಲ್ಲ ಗೋಡೆಗಳಿಗೂ ಬಡಿದು ಮರಳಿ ನನ್ನ ಕಿವಿಗೇ ಬರುತ್ತಿದ್ದಾಗ, ಇದೇ ಊರು ಮಳೆಯಲ್ಲಿ ಗುಡ್ಡ ಹತ್ತುತ್ತಿದ್ದುದು ಕಣ್ಣಿಗೆ ಕಟ್ಟಿತು. ಜಪಾನಿನ ಗುಡ್ಡದ ಮೇಲೆ ಕಾಣಬೇಕಾದದ್ದು ಅಷ್ಟು ತಡವಾಗಿ ಬಂತು.

ಕಟ್ಟೆಯ ಸುತ್ತ ಜನ ನೆರೆದಿದ್ದರು. ಅವರ ನಡುವಿನಿಂದ ನಾಲ್ಕು ಕಾಲಿನ ಸ್ಟೀಲ್ ಆಸರೆಯನ್ನು ಟಕ್ ಟಕ್ ಎಂದು ಊರುತ್ತ ಒಬ್ಬ ಮುದುಕ ಬಂದ. ಪರಸು ಅಜ್ಜ. ನಾನು ಕಟ್ಟೆಯಿಂದ ಇಳಿದೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿದೆ. ಅಜ್ಜ ಬೈಯಲಿಲ್ಲ. ಜೇಬಿನಿಂದ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದ.

ಚೆಂಡುಹೂವಿನ ಹಾರ, ಕಂಪ್ಯೂಟರು, ಚೀಟಿ.

"ಇದ ಏನ್ರಿ, ನೀವು ಹೇಳಿದ ಫೋಟೋ?" ಎಂದ. "ನನ್ನ ಕಡೇನೂ ಐತಿ. ಮಮ್ಮಗಳು ಓದಿ ಹೇಳಿದ್ಲು, ದೇವಿ ಹೆಸರು ಬರದಾರ ಅಂತ. ದವಾಖಾನಿಯೊಳಗ ಮಲಕೊಂಡಾಗೂ ದಿನಾ ಮುಂಜಾನೆ ಇದಕ್ಕ ಕೈ ಮುಗೀತಿದ್ದೆ. ಬರದಾವ್ರು ನೀವೇನು? ಅಕ್ಷರ ಭಾಳ ಚಂದ ಅದಾವ್ರಿ."

"ಅಳಸಿಬಿಡ್ರಿ ಅಜ್ಜಾರ," ಎಂದೆ.

"ಯಾಕ? ದೇವಿ ಹೆಸರು ಅಳಸ್ತಾರೇನು?"

ಅಜ್ಜ ಸಾವಿತ್ರಿಯ ಮುಖ ನೋಡಿದ. ಅವಳು ಮೈಕಿನ ವೈರು ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸದೆ ಹೇಳಿದಳು:

"ಇರಲಿ ಬಿಡ್ರಿ ಸಾಹೇಬ್ರ. ಈಗ ಅದು ಬರೇ ದೇವರ ಹೆಸರು."

ಅಜ್ಜ ಫೋನನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಆಮೇಲೆ ಆಸರೆಯನ್ನು ತಿರುಗಿಸಿ, ಟಕ್ ಟಕ್ ಎನ್ನುತ್ತ, ನಿಧಾನವಾಗಿ ಮನೆಯ ಕಡೆ ನಡೆದ. ದಾರಿ ನೂರು ಹೆಜ್ಜೆಯೂ ಇರಲಿಲ್ಲ. ಅವನು ಬಾಗಿಲು ಸೇರುವ ತನಕ ನಾನು ನೋಡುತ್ತ ನಿಂತೆ.